ಹೈದರಾಲಿಯ ಕೊನೆಯ ಶತ್ರು

ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಕಿರಂಗೂರಿನ ಬನ್ನಿಮಂಟಪದಿಂದ. ಸಂಭ್ರಮವೆಲ್ಲ ಮುಗಿದ ಮೇಲೆ ಆ ಮಂಟಪದ ಬಳಿ ನಿಂತು ಸುತ್ತ ಕಣ್ಣಾಡಿಸಿದರೆ, ಹದಿನೆಂಟನೆಯ ಶತಮಾನದ ಮೈಸೂರಿನ ಇತಿಹಾಸದ ಬಹುಪಾಲು ಕೆಲವೇ ಮೈಲಿಗಳ ಅಂತರದಲ್ಲಿ ಹರಡಿಕೊಂಡಿರುವುದು ಅರಿವಿಗೆ ಬರುತ್ತದೆ. ದಕ್ಷಿಣಕ್ಕೆ ಕಾವೇರಿ, ಅದರಾಚೆ ಕೋಟೆ, ದ್ವೀಪದ ಪೂರ್ವದ ಅಂಚಿನಲ್ಲಿ ಗುಂಬಜ್. ಉತ್ತರಕ್ಕೆ ಹೊರಟರೆ ಪಾಂಡವಪುರ. ಹಳಬರ ಬಾಯಲ್ಲಿ ಹಿರೋಡೆ, ಬ್ರಿಟಿಷರ ಕಾಗದಪತ್ರಗಳಲ್ಲಿ ಫ್ರೆಂಚ್ ರಾಕ್ಸ್. ಅದಕ್ಕೂ ಆಚೆ ಚಿನಕುರಳಿ, ತೊಣ್ಣೂರು ಕೆರೆ, ಮೇಲುಕೋಟೆ. ಈ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಎರಡು ದಶಕ ಕಾಲ ದಕ್ಷಿಣ ಭಾರತವನ್ನು ನಡುಗಿಸಿದ ಹೈದರಾಲಿ ಆ ಗುಂಬಜ್‌ನ ಕಪ್ಪು ಕಲ್ಲಿನ ಕಂಬಗಳ ನಡುವೆ ಮಲಗಿದ್ದಾನೆ. ಅವನ ಪ್ರಾಣ ಹೋದದ್ದು ಮರಾಠರ ಕತ್ತಿಯಿಂದಲ್ಲ, ಇಂಗ್ಲಿಷರ ಗುಂಡಿನಿಂದಲೂ ಅಲ್ಲ. ಬೆನ್ನಿನಲ್ಲಿ ಎದ್ದ ಒಂದು ಕುರುವಿನಿಂದ.

ಒಳಗೆ ಕಟ್ಟಿಕೊಂಡ ಕೀವಿಗೆ ದಾರಿ ಮಾಡಿಕೊಡುವುದು ವೈದ್ಯವಿದ್ಯೆಯ ಅತ್ಯಂತ ಹಳೆಯ ಕೆಲಸಗಳಲ್ಲೊಂದು. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಲ್ಲಿ ಹೊಟ್ಟೆಯ ಆಳದಲ್ಲಿ ತುಂಬಿಕೊಳ್ಳುವ ಸೋಂಕಿನ ದ್ರವವನ್ನು ಇಂದು ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಹೊರಹರಿಸುತ್ತಾರೆ. ಹೈದರನ ಕಾಯಿಲೆ ಬೇರೆ, ಈ ಕಾಯಿಲೆ ಬೇರೆ. ಆದರೆ ವೈದ್ಯನ ಮುಂದೆ ಎರಡೂ ಒಡ್ಡುವ ಪ್ರಶ್ನೆ ಒಂದೇ: ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು? ಆ ಪ್ರಶ್ನೆಗೆ ಉತ್ತರವಿಲ್ಲದೆ ಒಂದು ರಾಜ್ಯದ ಭವಿಷ್ಯ ಹೇಗೆ ತೂಗುಯ್ಯಾಲೆಯಲ್ಲಿ ನಿಂತಿತೆಂಬುದಕ್ಕೆ ಹೈದರನ ಬದುಕಿಗಿಂತ ದೊಡ್ಡ ನಿದರ್ಶನ ನಮ್ಮ ನೆಲದಲ್ಲಿ ಸಿಗುವುದಿಲ್ಲ.

ಕೋಲಾರದ ಬಳಿಯ ಬೂದಿಕೋಟೆಯಲ್ಲಿ 1720ರ ಆಸುಪಾಸಿನಲ್ಲಿ ಹುಟ್ಟಿದ ಹೈದರ್, ಸಿರಾದ ಸೇವೆಯಲ್ಲಿದ್ದ ಸೈನಿಕ ಫತೇ ಮಹಮ್ಮದನ ಮಗ. ತಂದೆ ಯುದ್ಧದಲ್ಲಿ ಮಡಿದಾಗ ಹುಡುಗ ಇನ್ನೂ ಚಿಕ್ಕವನು. ಸಾಲ ವಸೂಲಿಯ ನೆಪದಲ್ಲಿ ದೊಡ್ಡಬಳ್ಳಾಪುರದ ಅಧಿಕಾರಿ ಹೈದರನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ಕೂರಿಸಿ, ಚರ್ಮ ಬಿಗಿದು ಹಿಂಸಿಸಿದನೆಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ಅಣ್ಣ ಶಹಬಾಜ್ ಮೈಸೂರಿನ ಸೈನ್ಯ ಸೇರಿದ. ಅವನ ಬೆನ್ನಿಗೆ ಬಂದ ತಮ್ಮ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಎದೆಗಾರಿಕೆ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ. ಓದುಬರಹ ಬಾರದ ಈ ಮನುಷ್ಯ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ವ್ಯವಹರಿಸಬಲ್ಲವನಾಗಿದ್ದ. ಲೆಕ್ಕಪತ್ರಗಳನ್ನು ಒಮ್ಮೆ ಕೇಳಿದರೆ ಮರೆಯುತ್ತಿರಲಿಲ್ಲ.

ಹೈದರನ ನಿಜವಾದ ಶಕ್ತಿ ಇದ್ದುದು ಕಾಲಜ್ಞಾನದಲ್ಲಿ. 1760ರ ಆಗಸ್ಟಿನಲ್ಲಿ ಅವನದೇ ಆಶ್ರಯದಲ್ಲಿ ಬೆಳೆದ ಖಂಡೇರಾಯ ಅರಮನೆಯ ಪರ ನಿಂತು ತಿರುಗಿಬಿದ್ದಾಗ, ಕಾದು ಸಾಯುವ ಹಟ ಹಿಡಿಯಲಿಲ್ಲ. ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು, ರಾತ್ರೋರಾತ್ರಿ ಕಾವೇರಿ ದಾಟಿ, ಆನೇಕಲ್ ಮೂಲಕ ಬೆಂಗಳೂರು ಸೇರಿದ. ಮರುವರ್ಷ ಹಿಂತಿರುಗಿ ಬಂದಾಗ ಅಧಿಕಾರವೆಲ್ಲ ಅವನ ಕೈಯಲ್ಲಿತ್ತು. ಖಂಡೇರಾಯ ಕಬ್ಬಿಣದ ಪಂಜರದಲ್ಲಿದ್ದ. ಒಡೆಯರ ಮನೆತನವನ್ನು ಸಿಂಹಾಸನದ ಮೇಲೆ ಉಳಿಸಿ, ಆಳ್ವಿಕೆಯನ್ನು ತಾನು ನಡೆಸಿದ. 1763ರಲ್ಲಿ ಬಿದನೂರು ಅವನ ವಶವಾಯಿತು. 1769ರಲ್ಲಿ ಇಂಗ್ಲಿಷ್ ಸೈನ್ಯವನ್ನು ದೂರದಲ್ಲಿ ಅಲೆದಾಡಿಸುತ್ತಲೇ ತಾನು ಆಯ್ದ ಕುದುರೆ ಸವಾರರೊಡನೆ ಮದರಾಸಿನ ಬಾಗಿಲಿಗೆ ಬಂದು ನಿಂತು, ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ.

ಎಲ್ಲ ಸಲವೂ ಲೆಕ್ಕ ಸರಿಹೋಗಲಿಲ್ಲ. 1771ರ ಮಾರ್ಚಿನಲ್ಲಿ ಮರಾಠ ಸೇನಾನಿ ತ್ರ್ಯಂಬಕರಾಯನ ಒತ್ತಡ ತಾಳಲಾರದೆ ಹೈದರ್ ಮೇಲುಕೋಟೆಯಿಂದ ರಾತ್ರಿ ಹೊತ್ತು ಶ್ರೀರಂಗಪಟ್ಟಣದ ಕಡೆಗೆ ಹಿಂದೆ ಸರಿದ. ಗುಟ್ಟು ಹೊರಬಿದ್ದು, ತೊಣ್ಣೂರು ಕೆರೆ ಮತ್ತು ಚಿನಕುರಳಿಯ ಬಯಲಿನಲ್ಲಿ ಅವನ ಸೈನ್ಯ ದಿಕ್ಕೆಟ್ಟು ಚದುರಿತು. ಅವನು ಹೇಗೋ ಜೀವ ಉಳಿಸಿಕೊಂಡು ಕೋಟೆ ಸೇರಿದ. ಮರಾಠರು ಕೋಟೆಗೆ ಮುತ್ತಿಗೆ ಹಾಕಿದರೂ ಅದು ಕೈವಶವಾಗಲಿಲ್ಲ. 1772ರ ಒಪ್ಪಂದದಲ್ಲಿ ಹಣವನ್ನೂ ನೆಲವನ್ನೂ ಕಳೆದುಕೊಂಡ ಹೈದರನನ್ನು ಮತ್ತೆ ಮೇಲೆತ್ತಿದ್ದು ಒಂದು ಕಾಯಿಲೆ. ಅದೇ ವರ್ಷದ ನವೆಂಬರಿನಲ್ಲಿ ಪೇಶ್ವೆ ಮಾಧವರಾಯ ಕ್ಷಯದಿಂದ ಇಪ್ಪತ್ತೇಳರ ಹರೆಯದಲ್ಲಿ ತೀರಿಕೊಂಡ. ಪುಣೆಯ ಒಳಜಗಳದ ನಡುವೆ ಹೈದರ್ ಕಳೆದುಕೊಂಡದ್ದನ್ನು ಒಂದೊಂದಾಗಿ ಮರಳಿ ಪಡೆದ. ಶತ್ರುವಿನ ರೋಗದಿಂದ ಲಾಭ ಪಡೆದವನಿಗೆ, ಹತ್ತು ವರ್ಷಗಳ ಬಳಿಕ ತನ್ನದೇ ರೋಗ ಎದುರಾಗಲಿತ್ತು.

1780ರ ಜುಲೈನಲ್ಲಿ ಭಾರೀ ಸೈನ್ಯದೊಡನೆ ಅವನು ಕರ್ನಾಟಿಕ್ ಪ್ರಾಂತ್ಯಕ್ಕೆ ಇಳಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನುಚ್ಚುನೂರಾಯಿತು. ಸೆರೆಸಿಕ್ಕ ಬೇಲಿ ಶ್ರೀರಂಗಪಟ್ಟಣದಲ್ಲೇ ಸತ್ತ. ಆ ಗೆಲುವಿನ ಚಿತ್ರ ದರಿಯಾ ದೌಲತ್‌ನ ಗೋಡೆಯ ಮೇಲೆ ಇಂದಿಗೂ ಇದೆ. ಮುಂದಿನ ವರ್ಷ ಪೋರ್ಟೊ ನೋವೊದಲ್ಲಿ ಸರ್ ಐರ್ ಕೂಟ್ ಹೈದರನನ್ನು ಸೋಲಿಸಿದನಾದರೂ ಯುದ್ಧ ನಿಲ್ಲಲಿಲ್ಲ. 1782ರ ಜುಲೈನಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್ ಬಂದು ಹೈದರನನ್ನು ಕಂಡ. ಫ್ರಾನ್ಸಿನಿಂದ ಬುಸ್ಸಿಯ ನೇತೃತ್ವದಲ್ಲಿ ದೊಡ್ಡ ಸೈನ್ಯ ಬರುವುದಿತ್ತು. ಮಗ ಟಿಪ್ಪು ಮಲಬಾರಿನಲ್ಲಿ ಇಂಗ್ಲಿಷ್ ಪಡೆಯನ್ನು ಎದುರಿಸುತ್ತಿದ್ದ. ಎಲ್ಲವೂ ಇನ್ನು ಕೆಲವು ತಿಂಗಳ ಕಾಯುವಿಕೆಯ ಮಾತು. ಆ ತಿಂಗಳುಗಳೇ ಅವನಿಗೆ ದೊರೆಯಲಿಲ್ಲ.

ಆ ವರ್ಷದ ಕೊನೆಯಲ್ಲಿ ಅವನ ಬೆನ್ನಿನಲ್ಲಿ ಬಾವು ಕಾಣಿಸಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ಬೆನ್ನುಫಣಿ ಎನ್ನುವುದು ಇದನ್ನೇ. ಅರಸರಿಗೆ ಬರುವ ಹುಣ್ಣು ಎಂಬ ಅರ್ಥದ ಹೆಸರೂ ಇದಕ್ಕಿತ್ತು. ಆ ಹೆಸರಿನ ಹಿಂದಿನ ಅನುಭವ ಸುಳ್ಳಲ್ಲ: ಸಕ್ಕರೆ ಕಾಯಿಲೆ ಇರುವವರಲ್ಲಿ ಇಂಥ ಕುರುಗಳು ಹೆಚ್ಚು, ಮತ್ತು ಆ ಕಾಲದಲ್ಲಿ ಸಕ್ಕರೆ ಕಾಯಿಲೆ ಉಳ್ಳವರ ಮನೆಯ ರೋಗವಾಗಿತ್ತು. ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಹಲವು ಕುರುಗಳು ಚರ್ಮದ ಅಡಿಯಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕತ್ತು ಮತ್ತು ಬೆನ್ನಿನ ಚರ್ಮ ದಪ್ಪ. ಕೀವು ಜೇನುಗೂಡಿನ ಕೋಣೆಗಳಂತೆ ಹಲವು ಚೀಲಗಳಲ್ಲಿ ಅವಿತಿರುತ್ತದೆ. ಮೇಲೊಂದು ಬಾಯಿ ತೆರೆದರೆ ಒಂದು ಚೀಲ ಖಾಲಿಯಾಗುತ್ತದೆ, ಉಳಿದವು ಹಾಗೆಯೇ ಇರುತ್ತವೆ. ಅಲ್ಲಿಂದ ನಂಜು ರಕ್ತಕ್ಕೆ ಸೇರಿದರೆ ಮನುಷ್ಯ ಉಳಿಯುವುದು ಕಷ್ಟ.

ಹೈದರನಿಗೆ ವೈದ್ಯರ ಕೊರತೆ ಇರಲಿಲ್ಲ. ಹಿಂದೂ ವೈದ್ಯರು, ಯುನಾನಿ ಹಕೀಮರು, ಫ್ರೆಂಚ್ ವೈದ್ಯರು ಮೂವರೂ ಶ್ರಮಿಸಿದರು. ಮೂರು ಪರಂಪರೆಗಳ ಪಂಡಿತರು ಒಬ್ಬ ರೋಗಿಯ ಹಾಸಿಗೆಯ ಸುತ್ತ ನಿಂತ ಆ ದೃಶ್ಯ ಸಾಮಾನ್ಯವಾದುದಲ್ಲ. ಆದರೆ ಆ ಮೂವರಲ್ಲಿ ಯಾರಿಗೂ ರೋಗಾಣುವಿನ ಕಲ್ಪನೆ ಇರಲಿಲ್ಲ. ನೋವಿಲ್ಲದಂತೆ ಕೊಯ್ಯಲು ಅರಿವಳಿಕೆ ಬರಲು 1846ರವರೆಗೆ ಕಾಯಬೇಕಿತ್ತು. ಗಾಯವನ್ನು ಸೋಂಕಿನಿಂದ ರಕ್ಷಿಸುವ ಲಿಸ್ಟರನ ವಿಧಾನ ಪ್ರಕಟವಾದದ್ದು 1867ರಲ್ಲಿ. ಪೆನಿಸಿಲಿನ್ ಕಂಡುಬಂದದ್ದು 1928ರಲ್ಲಿ. 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರಾಲಿ ಕೊನೆಯುಸಿರೆಳೆದ.

ಆಮೇಲಿನ ಕೆಲವು ವಾರಗಳು ಅವನ ಆಡಳಿತದ ಗಟ್ಟಿತನಕ್ಕೆ ಸಾಕ್ಷಿ. ಪೂರ್ಣಯ್ಯ ಮತ್ತು ಕೃಷ್ಣರಾಯರು ಸಾವಿನ ಸುದ್ದಿ ಹೊರಬೀಳದಂತೆ ನೋಡಿಕೊಂಡರು. ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿ ದೇಹವನ್ನಿಟ್ಟು, ಖಜಾನೆಯ ಸಾಗಾಟವೆಂಬಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಲಾಯಿತು. ಪಾಳೆಯ ಹೊರಟಾಗ ಪರದೆ ಮುಚ್ಚಿದ ಪಲ್ಲಕ್ಕಿ ಎಂದಿನಂತೆ ಜೊತೆಗೆ ಸಾಗಿತು. ಕಿರಿಯ ಮಗ ಅಬ್ದುಲ್ ಕರೀಮನನ್ನು ಮುಂದೆ ಮಾಡಿ ಅಧಿಕಾರ ಹಿಡಿಯುವ ಸಂಚೊಂದು ಮೊಳಕೆಯಲ್ಲೇ ಮುರಿದುಬಿತ್ತು. ಓಲೆ ನಾಲ್ಕು ದಿನಗಳಲ್ಲಿ ಮಲಬಾರಿನಲ್ಲಿದ್ದ ಟಿಪ್ಪುವನ್ನು ಮುಟ್ಟಿತು. ಸುದ್ದಿ ತಿಳಿದ ಮೇಲೂ ಮದರಾಸಿನ ಜನರಲ್ ಸ್ಟುವರ್ಟ್ ಕೂಡಲೇ ಸೈನ್ಯ ಹೊರಡಿಸಲಿಲ್ಲ. ಗವರ್ನರನ ಒತ್ತಾಯಕ್ಕೂ ಅವನು ಕದಲಲಿಲ್ಲ. ಟಿಪ್ಪು ಬಂದು ಸೈನ್ಯದ ನಾಯಕತ್ವ ವಹಿಸಿಕೊಂಡ. ಬುಸ್ಸಿ ಬಂದಿಳಿದದ್ದು 1783ರ ಮಾರ್ಚಿನಲ್ಲಿ. ಅವನನ್ನು ಎದುರು ನೋಡುತ್ತಿದ್ದ ಹೈದರ್ ಕಣ್ಣುಮುಚ್ಚಿ ಮೂರು ತಿಂಗಳಾಗಿತ್ತು. ಎದುರಾಳಿ ಐರ್ ಕೂಟ್ ಕೂಡ ಏಪ್ರಿಲಿನಲ್ಲಿ ತೀರಿಕೊಂಡ. ಕೋಲಾರದಲ್ಲಿ ತಂದೆಯ ಸಮಾಧಿಯ ಬಳಿ ಇದ್ದ ದೇಹವನ್ನು ಆಮೇಲೆ ಶ್ರೀರಂಗಪಟ್ಟಣಕ್ಕೆ ತಂದು ಗುಂಬಜ್‌ನಲ್ಲಿ ಮಣ್ಣು ಮಾಡಲಾಯಿತು.

ಹೈದರನ ವೈದ್ಯರನ್ನು ಇಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಮುಂದಿದ್ದ ಸಮಸ್ಯೆಯನ್ನು ಅವರಿಗಿಂತ ಬಹಳ ಹಿಂದೆಯೇ ಸುಶ್ರುತ ಸಂಹಿತೆ ಸ್ಪಷ್ಟವಾಗಿ ಗುರುತಿಸಿತ್ತು. ಬಾವುಗಳಲ್ಲಿ ಹಸಿಯಾದದ್ದು, ಮಾಗುತ್ತಿರುವುದು, ಮಾಗಿದ್ದು ಎಂಬ ಮೂರು ಅವಸ್ಥೆಗಳನ್ನು ಅದು ವಿವರಿಸುತ್ತದೆ. ಹಸಿ ಬಾವನ್ನು ಕೊಯ್ಯುವ ವೈದ್ಯನನ್ನೂ, ಮಾಗಿದ್ದನ್ನು ಕಡೆಗಣಿಸುವ ವೈದ್ಯನನ್ನೂ ಒಂದೇ ತಕ್ಕಡಿಯಲ್ಲಿಟ್ಟು ಖಂಡಿಸುತ್ತದೆ. ಬೇಗ ಕೊಯ್ದರೆ ರಕ್ತಸ್ರಾವ, ನೋವು, ಊತಕಗಳ ನಾಶ. ತಡಮಾಡಿದರೆ ಕೀವು ಒಳಗೊಳಗೇ ದಾರಿ ಮಾಡಿಕೊಂಡು ಆಳಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಬೆನ್ನಿನ ಬಾವಿನಲ್ಲೇ ಈ ನಿರ್ಣಯ ಇಷ್ಟು ಕಠಿಣವಾದರೆ, ಹೊಟ್ಟೆಯ ತೀರ ಹಿಂಬದಿಯಲ್ಲಿ ಅಡಗಿದ ಕೀವಿನ ಪಾಡೇನು?

ಮೇದೋಜೀರಕ ಗ್ರಂಥಿ ಇರುವುದು ಅಂಥ ಜಾಗದಲ್ಲಿ. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅದು ಅಡ್ಡಲಾಗಿ ಮಲಗಿದೆ. ಹೈದರನಿಗೆ ಬಂದಂಥ ಕುರುವಿಗೆ ನೆಲ ಹದಮಾಡಿಕೊಡುವ ಸಕ್ಕರೆ ಕಾಯಿಲೆಗೂ ಇದಕ್ಕೂ ನಂಟಿದೆ, ಏಕೆಂದರೆ ಇನ್ಸುಲಿನ್ ತಯಾರಾಗುವುದು ಇಲ್ಲೇ. ಜೊತೆಗೆ ಆಹಾರವನ್ನು ಕರಗಿಸುವ ಪ್ರಬಲ ರಸಗಳನ್ನೂ ಈ ಗ್ರಂಥಿ ಸ್ರವಿಸುತ್ತದೆ. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಸಿಕ್ಕಿದಾಗ ಅಥವಾ ಮದ್ಯದ ದೆಸೆಯಿಂದ ಆ ರಸಗಳು ಗ್ರಂಥಿಯೊಳಗೇ ಚುರುಕಾಗಿ ಅದನ್ನೇ ಕರಗಿಸತೊಡಗುತ್ತವೆ. ಹೆಚ್ಚಿನ ರೋಗಿಗಳು ಒಂದೆರಡು ವಾರಗಳಲ್ಲಿ ಗುಣಮುಖರಾಗುತ್ತಾರೆ. ಸುಮಾರು ಐವರಲ್ಲಿ ಒಬ್ಬರಲ್ಲಿ ಗ್ರಂಥಿಯ ಭಾಗವೋ ಸುತ್ತಲಿನ ಕೊಬ್ಬೋ ಸತ್ತು, ದ್ರವದೊಡನೆ ಗುಡ್ಡೆಗಟ್ಟಿಕೊಳ್ಳುತ್ತದೆ. ಅದಕ್ಕೆ ಸೋಂಕು ತಗುಲಿದರೆ ಪ್ರಾಣಾಪಾಯ.

ಬಹುಕಾಲ ಇದಕ್ಕಿದ್ದ ಉತ್ತರ ದೊಡ್ಡ ಶಸ್ತ್ರಕ್ರಿಯೆ ಒಂದೇ. ಹೊಟ್ಟೆಯನ್ನು ಅಗಲವಾಗಿ ತೆರೆದು, ಸತ್ತ ಭಾಗವನ್ನು ಕೈಯಿಂದ ಕಿತ್ತು ತೆಗೆಯುವುದು. ಆಗಲೇ ನಂಜಿನಿಂದ ಬಸವಳಿದ ದೇಹಕ್ಕೆ ಆ ಪೆಟ್ಟು ಅನೇಕ ವೇಳೆ ರೋಗಕ್ಕಿಂತ ಹೆಚ್ಚಾಗುತ್ತಿತ್ತು. ಬದಲಾವಣೆಗೆ ದಾರಿ ಮಾಡಿದ್ದು ಶಸ್ತ್ರವೈದ್ಯಕ್ಕೆ ಹೊರಗಿನವರು. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ಕೊಳವೆ ಜಾರಿಸುವ ಸರಳ ಉಪಾಯವನ್ನು ಪ್ರಕಟಿಸಿದ. 1970ರ ದಶಕದಲ್ಲಿ ಬಂದ ಸಿ.ಟಿ. ಸ್ಕ್ಯಾನ್ ದೇಹದೊಳಗಿನ ಕೀವಿನ ಮಡುವನ್ನು ಕಣ್ಣಿಗೆ ಕಾಣಿಸಿತು. ಈ ಎರಡೂ ಕೂಡಿದಾಗ, ಪಕ್ಕೆಯ ಮೂಲಕ ನಾಲ್ಕೈದು ಮಿಲಿಮೀಟರ್ ದಪ್ಪದ ಕೊಳವೆಯೊಂದನ್ನು, ಕರುಳಿಗೂ ರಕ್ತನಾಳಕ್ಕೂ ತಾಗದಂತೆ, ನೇರವಾಗಿ ಆ ಮಡುವಿಗೆ ಇಳಿಸುವುದು ಸಾಧ್ಯವಾಯಿತು.

ಇದು ಬರೀ ತಾತ್ಕಾಲಿಕ ಉಪಶಮನವೋ ನಿಜವಾದ ಚಿಕಿತ್ಸೆಯೋ ಎಂಬ ವಾದ ಬಹಳ ಕಾಲ ನಡೆಯಿತು. ನೆದರ್‌ಲೆಂಡ್ಸ್‌ನ 19 ಆಸ್ಪತ್ರೆಗಳಲ್ಲಿ 88 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಅದಕ್ಕೆ ತೆರೆ ಎಳೆಯಿತು. ಒಂದು ಗುಂಪಿಗೆ ನೇರವಾಗಿ ದೊಡ್ಡ ಶಸ್ತ್ರಕ್ರಿಯೆ. ಇನ್ನೊಂದು ಗುಂಪಿಗೆ ಮೊದಲು ಕೊಳವೆ, ಅದರಿಂದ ಸಾಲದಿದ್ದರೆ ಮಾತ್ರ ಚಿಕ್ಕ ರಂಧ್ರದ ಶಸ್ತ್ರಕ್ರಿಯೆ. ಸಾವು ಅಥವಾ ತೀವ್ರ ತೊಡಕು ಮೊದಲ ಗುಂಪಿನಲ್ಲಿ ಶೇ 69 ಮಂದಿಗೆ ಕಂಡುಬಂದರೆ, ಎರಡನೆಯದರಲ್ಲಿ ಶೇ 40 ಮಂದಿಗೆ. ಕೊಳವೆಯ ಗುಂಪಿನ ಶೇ 35 ರೋಗಿಗಳಿಗೆ ಬೇರಾವ ಶಸ್ತ್ರಕ್ರಿಯೆಯೂ ಬೇಕಾಗಲಿಲ್ಲ. ಸಾವಿನ ಪ್ರಮಾಣವನ್ನಷ್ಟೇ ತೆಗೆದುಕೊಂಡರೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲವೆಂಬುದನ್ನೂ ಮರೆಯಬಾರದು. ಬದುಕುಳಿದವರ ಅಂಗಾಂಗ ವೈಫಲ್ಯ, ಹೊಸದಾಗಿ ಬರುವ ಸಕ್ಕರೆ ಕಾಯಿಲೆ ಇವುಗಳಲ್ಲಿ ಕೊಳವೆಯ ಹಾದಿ ಮೇಲುಗೈ ಪಡೆಯಿತು. ಈಗ ಎಂಡೋಸ್ಕೋಪಿಯ ಮೂಲಕ ಜಠರದ ಗೋಡೆಯಿಂದಲೂ ದಾರಿ ಮಾಡಿಕೊಡುತ್ತಾರೆ. ಮೊದಲು ಹರಿಯಬಿಡು, ಆಮೇಲೆ ಯೋಚಿಸು ಎಂಬ ತತ್ವ ಮಾತ್ರ ಅದೇ.

ಉಳಿದ ಪ್ರಶ್ನೆ ಕಾಲದ್ದು. ಸೋಂಕು ತಿಳಿದ ಕೂಡಲೇ ಕೊಳವೆ ಹಾಕಬೇಕೆ, ಅಥವಾ ಸತ್ತ ಭಾಗದ ಸುತ್ತ ಗೋಡೆ ಕಟ್ಟಿಕೊಳ್ಳುವವರೆಗೆ ಕಾಯಬೇಕೆ? 104 ರೋಗಿಗಳ ಇನ್ನೊಂದು ಡಚ್ ಅಧ್ಯಯನ 2021ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಕೂಡಲೇ ಹಾಕಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. ಕಾದವರಲ್ಲಿ ಶೇ 39 ಮಂದಿ ಪ್ರತಿಜೀವಕ ಔಷಧಗಳಿಂದಲೇ ಚೇತರಿಸಿಕೊಂಡರು. ಅವರಿಗೆ ಕೊಳವೆಯೇ ಬೇಕಾಗಲಿಲ್ಲ. ಮಾಗುವವರೆಗೆ ತಾಳಬೇಕು, ಮಾಗಿದ ಮೇಲೆ ಬಿಡಬಾರದು ಎಂಬ ಸುಶ್ರುತನ ವಿವೇಕ ಸಿ.ಟಿ. ಸ್ಕ್ಯಾನಿನ ಬೆಳಕಿನಲ್ಲಿ ಮತ್ತೊಮ್ಮೆ ಸಾಬೀತಾದಂತಾಯಿತು. ಆದರೆ ಈ ಕಾಯುವಿಕೆ ಕೈಕಟ್ಟಿ ಕೂರುವುದಲ್ಲ. ತೀವ್ರ ನಿಗಾ ಘಟಕದಲ್ಲಿ ಗಂಟೆಗಂಟೆಗೆ ಉಸಿರು, ಮೂತ್ರ, ರಕ್ತದೊತ್ತಡ ಗಮನಿಸುತ್ತ ಕಾಯುವುದು. ಕೊಳವೆ ಹಾಕಿದ ಮೇಲೂ ಅದು ಕಟ್ಟಿಕೊಳ್ಳದಂತೆ ದಿನಕ್ಕೆ ಹಲವು ಬಾರಿ ಲವಣದ್ರಾವಣದಿಂದ ತೊಳೆಯಬೇಕು. ಆ ಕೆಲಸ ಮಾಡುವ ದಾದಿಯ ಶ್ರದ್ಧೆಯ ಮೇಲೆ ತಜ್ಞನ ಕೈಚಳಕದಷ್ಟೇ ಪ್ರಾಣ ನಿಂತಿರುತ್ತದೆ.

ಹೈದರನಿಗೆ ಸಾಧ್ಯವಾಗದ್ದು ಇಂದು ಕಿರಂಗೂರಿನ ಒಬ್ಬ ರೈತನಿಗೆ ಸಾಧ್ಯ. ಮೈಸೂರು ಒಂದು ಗಂಟೆಯ ದಾರಿಯೂ ಅಲ್ಲ, ಮಂಡ್ಯವೂ ದೂರವಿಲ್ಲ. ಆದರೂ ಮೇಲ್ಹೊಟ್ಟೆಯಲ್ಲಿ ಏಕಾಏಕಿ ಎದ್ದು ಬೆನ್ನಿಗೆ ಇರಿಯುವ ನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿ, ಮಾತ್ರೆಯೊಂದನ್ನು ನುಂಗಿ ಎರಡು ದಿನ ಮಲಗಿರುವವರು ನಮ್ಮ ನಡುವೆ ಕಡಿಮೆಯಿಲ್ಲ. ಮುಂದೆ ಬಾಗಿ ಕೂತರೆ ಕೊಂಚ ತಗ್ಗುವ, ವಾಂತಿಯೊಡನೆ ಬರುವ ಆ ನೋವು ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದರ ಸೂಚನೆ. ಕಾಯಬೇಕಾದವನು ವೈದ್ಯ, ರೋಗಿಯಲ್ಲ. ಇತ್ತ ಸರ್ಕಾರದ ಪಾಲಿನ ಕೆಲಸವೂ ಇದೆ. ಸ್ಕ್ಯಾನ್ ಯಂತ್ರ ಕೊಂಡರೆ ಸಾಲದು. ಅದನ್ನು ನೋಡಿ ಕೊಳವೆ ಇಳಿಸಬಲ್ಲ ರೇಡಿಯಾಲಜಿ ತಜ್ಞ, ನಿಗಾ ಘಟಕದ ವೈದ್ಯ, ಶಸ್ತ್ರವೈದ್ಯ, ತರಬೇತಾದ ದಾದಿಯರು ಒಂದೇ ಸೂರಿನಡಿ ಹಗಲುರಾತ್ರಿ ಸಿಗುವಂತೆ ಪ್ರತಿ ಜಿಲ್ಲೆಯ ವೈದ್ಯಕೀಯ ಕಾಲೇಜಿನಲ್ಲೂ ಒಂದು ತಂಡ ರೂಪುಗೊಳ್ಳಬೇಕು. ಇಲ್ಲದಿದ್ದರೆ ಈ ಅರಿವು ದುಡ್ಡಿದ್ದವರ ಸೊತ್ತಾಗಿಯೇ ಉಳಿಯುತ್ತದೆ.

ಗುಂಬಜ್‌ಗೆ ಬರುವ ಪ್ರವಾಸಿಗರು ಹೈದರನ ಕತ್ತಿಯ ಕತೆ ಕೇಳುತ್ತಾರೆ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಯಾವಾಗ ನುಗ್ಗಬೇಕು, ಯಾವಾಗ ತಾಳಬೇಕು ಎಂಬುದನ್ನು ರಣರಂಗದಲ್ಲಿ ಅವನಷ್ಟು ಬಲ್ಲವರು ವಿರಳ. ಅದೇ ವಿದ್ಯೆ ಹಾಸಿಗೆಯ ಬದಿಯಲ್ಲಿ ನಿಂತವರಿಗೆ ಇನ್ನೂ ಸಿದ್ಧಿಸಿರಲಿಲ್ಲ. ಇಂದು ಸಿದ್ಧಿಸಿದೆ. ಅದು ಎಲ್ಲರ ಕೈಗೂ ಎಟುಕುವಂತೆ ಮಾಡುವುದಷ್ಟೇ ನಮಗೆ ಉಳಿದಿರುವ ಕೆಲಸ.